‘ಕಂದು ಕುಬ್ಜ’ದಲ್ಲಿ ‘ಕಂದು’ ಬಣ್ಣವೋ, ಕ್ರಿಯೆಯೋ?

ಪ್ರಶ್ನೆ: ನಕ್ಷತ್ರವಾಗುವಷ್ಟು ದ್ರವ್ಯರಾಶಿ ಇಲ್ಲದ ಆಕಾಶಕಾಯವಾದ ಬ್ರೌನ್ ಡ್ವಾರ್ಫ್‌ಗೆ ‘ಕಂದು ಕುಬ್ಜ’ ಎಂಬ ಪದ ಬಳಕೆಯಲ್ಲಿದೆ. ಕನ್ನಡದ ‘ಕಂದು’ವಿಗೆ ಸಂಸ್ಕೃತದ ‘ಕುಬ್ಜ’ ಸೇರಿದರೆ ಅರಿಸಮಾಸವಲ್ಲವೇ (ಕನ್ನಡ-ಸಂಸ್ಕೃತ ಪದಗಳ ಸಲ್ಲದ ಸಮಾಸ)? ಇಂಥ ಕಾಯಗಳನ್ನು ‘ಕೂಲ್’ ಎನ್ನುವಾಗ ‘ತಂಪು’ ಸಾಕೇ? ಇನ್‌ಫ್ರಾರೆಡ್ ಎಂದರೆ ಅತಿಗೆಂಪೋ, ಅವಕೆಂಪೋ?

ಉತ್ತರ: ಅರಿಸಮಾಸದ ಆಕ್ಷೇಪ ಸರಿ. ಆದರೆ ‘ಕಂದು’ ಬಣ್ಣದ ಹೆಸರಷ್ಟೇ ಅಲ್ಲ, ಧಾತುವೂ ಹೌದು: ಮುಖ ಕಂದುತ್ತದೆ, ಬಿಸಿಲಿಗೆ ಚಿಗುರು ಕಂದುತ್ತದೆ. ಈ ಕಾಯಗಳ ಪಾಡೂ ಅದೇ. ದ್ರವ್ಯರಾಶಿ ಸೂರ್ಯನ ಸುಮಾರು 0.075 ಪಾಲಿಗಿಂತ ಕಡಿಮೆ ಇರುವುದರಿಂದ ಒಡಲಲ್ಲಿ ಜಲಜನಕದ ಸಮ್ಮಿಳನ ನೆಲೆನಿಲ್ಲದು. ಹುಟ್ಟಿನ ಕಾವನ್ನು ಕಳೆದುಕೊಳ್ಳುತ್ತ ಮಂಕಾಗುತ್ತವೆ. 1975ರಲ್ಲಿ ಖಗೋಳಜ್ಞೆ ಜಿಲ್ ಟಾರ್ಟರ್ ಇವನ್ನು ‘ಬ್ರೌನ್’ ಎಂದಾಗ ಒಂದನ್ನೂ ಯಾರೂ ಕಂಡಿರಲಿಲ್ಲ. ಖಚಿತವಾಗಿ ಸಿಕ್ಕಿದ್ದು 1995ರಲ್ಲಿ. ‘ಕಂದುವ ಕುಬ್ಜ’ ಎಂದರೆ ಕೃದಂತ (ಧಾತುವಿನಿಂದಾದ ಪದ) ಮೊದಲು ಬಂದು ಗಮಕಸಮಾಸವಾಗುತ್ತದೆ, ಅಲ್ಲಿ ಅರಿಸಮಾಸ ದೋಷವಿಲ್ಲ. ನನ್ನ ಒಲವು ಇದಕ್ಕೆ; ಆದರೂ ರೂಢಿಯ ಪದವನ್ನು ಕಿತ್ತುಹಾಕಬೇಕಿಲ್ಲ.

‘ತಂಪು’ ಬೇಡ. ಅದರಲ್ಲಿ ಹಿತದ ಭಾವವಿದೆ. ‘ಕೂಲ್’ ಎನಿಸಿಕೊಳ್ಳುವ ಕುಬ್ಜದ 500 ಕೆಲ್ವಿನ್ ಎಂದರೆ 227 ಡಿಗ್ರಿ ಸೆಲ್ಸಿಯಸ್, ಕಾದ ದೋಸೆ ಹೆಂಚಿನ ಬಿಸಿ! ‘ಕಡಿಮೆ ತಾಪದ’ ಎನ್ನಿ. ‘ತಣ್ಣನೆಯ’ ಎಂಬ ಮಾತು 2014ರಲ್ಲಿ ಖಗೋಳಜ್ಞ ಕೆವಿನ್ ಲೂಮನ್ ಪ್ರಕಟಿಸಿದ ವೈಸ್ 0855 ಎಂಬ ಕುಬ್ಜದಂಥದಕ್ಕೆ ಒಪ್ಪುತ್ತದೆ. ಅದರ ತಾಪ ನಮ್ಮ ಚಳಿಗಾಲದ್ದಕ್ಕಿಂತ ಹೆಚ್ಚಲ್ಲ.

ಕೆಂಪಿಗಿಂತ ಉದ್ದ ತರಂಗದ, ಕಣ್ಣಿಗೆ ಕಾಣದ ಬೆಳಕಿಗೆ ‘ಅವಕೆಂಪು’ ಏಕೆ ಮೇಲು ಎಂಬುದು ಈ ಕುಬ್ಜಗಳನ್ನು ಹುಡುಕುವ ಕ್ರಮದಲ್ಲೇ ತಿಳಿಯುತ್ತದೆ. 2009ರ ಡಿಸೆಂಬರಿನಲ್ಲಿ ಹಾರಿದ ವೈಸ್ ಬಾಹ್ಯಾಕಾಶ ದೂರದರ್ಶಕ ಆಕಾಶವನ್ನೆಲ್ಲ 3.4 ಮತ್ತು 4.6 ಮೈಕ್ರೋಮೀಟರ್ ಅವಕೆಂಪು ತರಂಗಪಟ್ಟಿಗಳಲ್ಲೂ ಚಿತ್ರಿಸಿತು. ಕಡಿಮೆ ತಾಪದ ಕುಬ್ಜದ ಮೀಥೇನ್ ಮೊದಲ ಪಟ್ಟಿಯ ಬೆಳಕನ್ನು ನುಂಗುತ್ತದೆ, ಎರಡನೆಯದರಲ್ಲಿ ಬೆಳಕು ಹೊರಬರುತ್ತದೆ. ಎರಡರ ನಡುವೆ 2 ಮ್ಯಾಗ್ನಿಟ್ಯೂಡ್‌ಗಿಂತ (ಹೊಳಪಿನ ಅಳತೆ) ಹೆಚ್ಚು ಅಂತರವಿದ್ದರೆ ಅದು ಒಳ್ಳೆಯ ಅಭ್ಯರ್ಥಿ. ಇಂಥದನ್ನು ಖಗೋಳಜ್ಞರು ‘ತುಂಬ ಕೆಂಪು’ ಎನ್ನುತ್ತಾರೆ. ‘ಅತಿಗೆಂಪು’ ಎಂದು ಬರೆದರೆ ತರಂಗದ ಹೆಸರೋ ಕಾಯದ ಗುಣವೋ ತಿಳಿಯದು.

ಧೂಳು ತುಂಬಿದ ಗೆಲಾಕ್ಸಿಗಳೂ ಕೆಂಪಗಿದ್ದು ಮೋಸಮಾಡುತ್ತವೆ. ಅವು ಜಾಗ ಬಿಡವು. ನೆರೆಯ ಕುಬ್ಜ ಸರಿಯುತ್ತದೆ. ವೈಸ್ 0855 ವರ್ಷಕ್ಕೆ ಸುಮಾರು 8 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಓಡುತ್ತದೆ. ಆದರೆ ಆರು ತಿಂಗಳ ಅಂತರದ ಎರಡೇ ಚಿತ್ರ ನೋಡಿದರೆ ಭೂಮಿಯ ಸುತ್ತಾಟದಿಂದಾದ ಪ್ಯಾರಲ್ಯಾಕ್ಸ್ (ನೋಡುವ ಜಾಗ ಬದಲಾದ್ದರಿಂದ ತೋರುವ ಸರಿತ) ಬೆರೆತಿರುತ್ತದೆ. ಬೇರೆ ವರ್ಷಗಳ ಅದೇ ತಿಂಗಳ ಚಿತ್ರಗಳನ್ನು ಹೋಲಿಸಬೇಕು. ಕೊನೆಯ ತೀರ್ಪು ರೋಹಿತದ್ದು (ತರಂಗಗಳಾಗಿ ಬಿಡಿಸಿದ ಬೆಳಕು): ನೀರಾವಿ, ಮೀಥೇನ್‌ ಬೆಳಕು ನುಂಗಿದ ಕಡೆ ಕುಳಿ ಕಾಣಬೇಕು.

ಇನ್ನೊಂದು ಎಚ್ಚರ: 1960ರ ದಶಕದಲ್ಲಿ ಖಗೋಳಜ್ಞ ಶಿವ್ ಎಸ್. ಕುಮಾರ್ ಈ ಕಂದು ಕುಬ್ಜಗಳನ್ನು ‘ಬ್ಲ್ಯಾಕ್ ಡ್ವಾರ್ಫ್’ ಎಂದಿದ್ದರು. ಈಗ ‘ಕಪ್ಪು ಕುಬ್ಜ’ ಎಂದರೆ ಪೂರ್ತಿ ಆರಿದ ಬಿಳಿ ಕುಬ್ಜ (ಸೂರ್ಯನಂಥ ನಕ್ಷತ್ರ ಸತ್ತು ಉಳಿದ ಒಡಲು).