ಪದಚರ್ಚೆ: 'ಬ್ಯಾಕ್‌ಗ್ರೌಂಡ್ ಪ್ರೊಸೆಸ್' ಅನ್ನೋದಕ್ಕೆ ಯಾವ ಪದ?

ಬಳಗದವರಿಗೆ ನಮಸ್ಕಾರ.

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಲೆಕ್ಕ ಬರೆಯುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಏನೂ ತೆರೆಯದೆ ಇದ್ದರೂ ಕಂಪ್ಯೂಟರಿನ ಫ್ಯಾನ್ ಜೋರಾಗಿ ತಿರುಗುತ್ತದೆ, ಮೌಸ್ ತಡವರಿಸುತ್ತದೆ. ಆಗ ಏನು ಮಾಡಬೇಕು ಅನ್ನೋದಷ್ಟೇ ವಿಷಯ. ಇಲ್ಲಿ 'ಸಿಸ್ಟಮ್ ಕುಂತೈತಿ' ಅಂತಾರೆ. ತೊಂದರೆ ಹೇಳೋಕೆ ಅಷ್ಟು ಸಾಕು. ಕಾರಣ 'ಬ್ಯಾಕ್‌ಗ್ರೌಂಡ್ ಪ್ರೊಸೆಸ್', ಅಂದರೆ ತೆರೆಯ ಮೇಲೆ ಕಾಣದೆ ಒಳಗೊಳಗೇ ನಡೆಯುವ ಕೆಲಸ. ಅದನ್ನು ಹೇಳೋಕೆ ಹೊರಟಾಗ ಪದ ಸಿಗುತ್ತಿಲ್ಲ.

ಮೊದಲ ತೊಡಕು 'ಸಿಪಿಯು'. 'ಸಿಪಿಯು ಬಳಕೆ ಶೇ 95' ಎಂದು ಬರೆದರೆ ಕೆಲಸ ಕೆಡುತ್ತದೆ. ಜನರ ಬಾಯಲ್ಲಿ ಮೇಜಿನ ಕೆಳಗಿನ ಇಡೀ ಡಬ್ಬಿಯೇ ಸಿಪಿಯು. 'ಸಿಪಿಯು ರಿಪೇರಿಗೆ ಕೊಟ್ಟೇವಿ' ಅಂದರೆ ಆ ಡಬ್ಬಿಯನ್ನು ಹೊತ್ತುಕೊಂಡು ಹೋಗಿ ಕೊಟ್ಟಿದ್ದಾರೆ ಅಂತ. ಅದಕ್ಕೆ ಒಳಗಿನ ಚಿಪ್‌ಗೆ 'ಪ್ರೊಸೆಸರ್' ಅಂತ ಇಟ್ಟೆ. ಆದರೆ ಪಕ್ಕದಲ್ಲೇ 'ಪ್ರೊಸೆಸ್' ಬಂದರೆ ಎರಡೂ ಕಲಸಿಹೋಗುತ್ತವೆ. ಹಾಗಾಗಿ 'ಪ್ರೊಸೆಸ್'ಗಾದರೂ ಕನ್ನಡದ ಪದ ಬೇಕು.

'ಹಿನ್ನೆಲೆ ಪ್ರಕ್ರಿಯೆ' ಇದೆಯಲ್ಲ ಅಂತೀರಿ. ಪ್ರಕ್ರಿಯೆ ಅಂದರೆ ಟೆಂಡರ್ ಪ್ರಕ್ರಿಯೆ, ನೇಮಕಾತಿ ಪ್ರಕ್ರಿಯೆ. ಹಂತ ಹಂತವಾಗಿ ಜನ ನಡೆಸುವಂಥದ್ದು. ನನಗೆ ತೋರಿಸಬೇಕಾಗಿರುವುದು, ಕಂಪ್ಯೂಟರಿನಲ್ಲಿ ಏನೇನು ಕೆಲಸ ನಡೆದಿದೆ ಅಂತ ಪಟ್ಟಿ ಕೊಡುವ ಟಾಸ್ಕ್ ಮ್ಯಾನೇಜರ್‌ನ ಒಂದು ಸಾಲು. 'ಹಿಂಗೆಲಸ' ಅಂತ ಕೂಡಿಸಿ ನೋಡಿದೆ. ನಮ್ಮ ಕಡೆಯ ಕಿವಿಗೆ ಅದು 'ಹಿಂಗ' ಅಂತಲೇ ಬೀಳುತ್ತದೆ.

'ಮರೆಗೆಲಸ' ಬಾಯಿಗೆ ಸಲೀಸು. ಆದರೆ ಏನೋ ಕಳ್ಳ ವ್ಯವಹಾರದ ವಾಸನೆ ಇದೆ, ಅಲ್ವಾ? ಓದಿದವರು ವೈರಸ್ ಅಂದುಕೊಳ್ಳುತ್ತಾರೆ. ವೈರಸ್ ಇರಬಾರದು ಅಂತೇನಿಲ್ಲ, ಆದರೆ ವಿಂಡೋಸ್‌ನಲ್ಲಿ ಹೀಗೆ ಪ್ರೊಸೆಸರ್ ಹಿಡಿದು ಕೂರುವುದು ಎಷ್ಟೋ ಸಲ ಸಾಚಾ ಕೆಲಸಗಳೇ. ವೈರಸ್ ಕಾಯುವ ವಿಂಡೋಸ್‌ನದೇ ಡಿಫೆಂಡರ್ ಫೈಲುಗಳನ್ನು ಜಾಲಾಡುತ್ತಿರುತ್ತದೆ. ಅಪ್‌ಡೇಟ್ ನಡೆದಿರುತ್ತದೆ. ಪೆನ್‌ಡ್ರೈವ್‌ನಿಂದ ಹಳೆಯ ಲೆಕ್ಕವನ್ನೆಲ್ಲ ಸುರಿದಿದ್ದರೆ, ಮುಂದೆ ಬೇಗ ಹುಡುಕಲು ಅದರ ಸೂಚಿ ತಯಾರಾಗುತ್ತಿರುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ತಾನೇ ಇಳಿಯುತ್ತದೆ. ಗಂಟೆಗಟ್ಟಲೆ ಇಳಿಯದಿದ್ದರೆ ಮಾತ್ರ ಕೈ ಹಾಕಬೇಕು.

ಗೆಳೆಯರೊಬ್ಬರು 'ಹಿಮ್ಮೇಳ' ಅಂದರು. ಬಯಲಾಟ ನೋಡಿ ಬೆಳೆದವರಿಗೆ ಥಟ್ಟನೆ ಹಿಡಿಸುವ ಮಾತು. ಆದರೂ ನಾನು ಒಪ್ಪಲಿಲ್ಲ. ಹಿಮ್ಮೇಳ ಮುಂದಿನ ವೇಷಕ್ಕಾಗಿಯೇ ಹಾಡುತ್ತದೆ. ಇಲ್ಲಿ ಹಿಂದಿನ ಕೆಲಸಕ್ಕೂ ಮುಂದೆ ತೆರೆದಿರುವ ಎಕ್ಸೆಲ್‌ಗೂ ಸಂಬಂಧವೇ ಇಲ್ಲ, ಉಲ್ಟಾ ಅದರ ಪಾಲನ್ನೂ ತಿನ್ನುತ್ತದೆ.

ಇನ್ನೊಂದು ತಲೆನೋವು 'ಸಿಸ್ಟಮ್ ಐಡಲ್ ಪ್ರೊಸೆಸ್'. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಅದರ ಡೀಟೇಲ್ಸ್ ಪುಟಕ್ಕೆ ಹೋದರೆ ಇದು ಶೇ 90ರ ಮೇಲೆ ತೋರಿಸಬಹುದು. ನೋಡಿದವರು ಇದೇ ಕಳ್ಳ ಅಂತ ಹಿಡಿಯುತ್ತಾರೆ. ಅದು ಪ್ರೊಸೆಸರ್ ಎಷ್ಟು ಬಿಡುವಾಗಿದೆ ಅನ್ನೋ ಲೆಕ್ಕ. ಜಾಸ್ತಿ ಇದ್ದಷ್ಟೂ ಒಳ್ಳೆಯದು. 'ನಿಷ್ಕ್ರಿಯ' ಅಂತ ಬರೆದರೆ ಕೆಟ್ಟುನಿಂತಿದೆ ಅನ್ನಿಸುತ್ತದೆ. 'ಬಿಡುವಿನ ಪಾಲು' ಆದೀತಾ?

ಟಾಸ್ಕ್ ಮ್ಯಾನೇಜರ್‌ನಲ್ಲಿ ಕೆಲಸವನ್ನು ನಿಲ್ಲಿಸುವ 'ಎಂಡ್ ಟಾಸ್ಕ್' ಗುಂಡಿಗೆ 'ಕೆಲಸ ಮುಗಿಸು' ಬೇಡವೇ ಬೇಡ. ಮುಗಿಸು ಅಂದರೆ ಪೂರ್ತಿ ಮಾಡು ಅಂತಲೂ ಆಗುತ್ತದೆ. ಗುಂಡಿ ಒತ್ತಿದ ಮೇಲೆ ಸೇವ್ ಮಾಡದ ಲೆಕ್ಕ ಹೋಗುತ್ತದೆ. ವಿಂಡೋಸ್‌ನದೇ ಮುಖ್ಯ ಕೆಲಸವನ್ನು ನಿಲ್ಲಿಸಿದರೆ ಇಡೀ ಸಿಸ್ಟಮ್ ಬಿದ್ದುಹೋಗಬಹುದು. ಇದಕ್ಕೆ 'ತಡೆದು ನಿಲ್ಲಿಸು' ಅಂತ ಇಟ್ಟಿದ್ದೇನೆ.

ಮೂಲ ಪದಕ್ಕೆ ಸದ್ಯ 'ಹಿನ್ನೆಲೆ ಕೆಲಸ' ಅಂತ ಬರೆದಿದ್ದೇನೆ. ಸಪ್ಪೆ ಅನ್ನಿಸುತ್ತದೆ, ಆದರೆ ಯಾರನ್ನೂ ಹೆದರಿಸುವುದಿಲ್ಲ. ರಾಯಚೂರು, ಬಳ್ಳಾರಿಯ ರಿಪೇರಿ ಅಂಗಡಿಗಳಲ್ಲಿ ಬೇರೆ ಮಾತು ಓಡಾಡುತ್ತಿದ್ದರೆ ತಿಳಿಸಿ. ನಿಘಂಟಿನದಕ್ಕಿಂತ ಅದೇ ನನಗೆ ಹೆಚ್ಚು ಬೇಕು.