ಮನೆಯ ಸುದ್ದಿ ಮುಚ್ಚಿಡಬೇಡ ತಂಗಿ

ತಂಗಿ, ಟೈಪ್ ಮಾಡಲು ಕೂತರೆ ನನಗೆ ಬೆಳಗಾಗುತ್ತದೆ, ಅದಕ್ಕೆ ಬಾಯಲ್ಲೇ ಹೇಳುತ್ತೇನೆ. ವಾಳೆಯ, ಅಂದರೆ ನಮ್ಮ ಚರ್ಚಿನ ವಾರ್ಡಿನ, ವಾಟ್ಸಾಪ್ ಗ್ರೂಪಿನ ಉಳಿದವರು ಬೇಸರ ಮಾಡಿಕೊಳ್ಳಬೇಡಿ, ಸ್ವಲ್ಪ ಉದ್ದ ಆಗುತ್ತದೆ. ಕೊಂಕಣಿ ಬಾರದವರೂ ಇದ್ದೀರಿ, ಹಾಗಾಗಿ ಕನ್ನಡದಲ್ಲೇ.

ನಿನ್ನೆ ರಾತ್ರಿ ನೀನು ಕೇಳಿದ್ದೆ. ನಿನ್ನ ಮಗ ಫಾದರ್ ಆಗಿ ವರ್ಷ ತುಂಬುವ ಮೊದಲೇ ಘಾನಾಕ್ಕೆ ಹೊರಟಿದ್ದಾನೆ. ದೇವರ ಕೆಲಸಕ್ಕೆ ಹೋದವನಿಗೆ ಮನೆಯ ಕಷ್ಟ ಹೇಳಿ ಮನಸ್ಸು ಕೆಡಿಸಬಾರದು ಅಂತ ವಾಳೆಯ ಮುಖ್ಯಸ್ಥರಾದ ಗುರಿಕಾರರು ಅಂದರು. ನಮ್ಮ ಮಗನೂ ಫಾದರ್, ತಾಂಜಾನಿಯಾದಲ್ಲಿ ನಾಲ್ಕನೇ ವರ್ಷ, ನಾವು ಹೇಗೆ ನಿಭಾಯಿಸುತ್ತೇವೆ ಅಂತ ನಿನ್ನ ಪ್ರಶ್ನೆ. ಗುರಿಕಾರರ ಮೇಲೆ ನನಗೆ ಗೌರವ ಇದೆ. ಆದರೆ ಈ ಮಾತು ನಾನು ಒಪ್ಪುವುದಿಲ್ಲ. ನಾವೂ ಹಾಗೇ ಮಾಡಿ ಪೆಟ್ಟು ತಿಂದವರು.

ಅವನು ಹೋದ ಎರಡನೇ ವರ್ಷ ಇವರಿಗೆ ಎದೆನೋವು ಬಂತು, ಸ್ಟೆಂಟ್ ಹಾಕಿದರು. ನಿಮಗೆಲ್ಲ ಗೊತ್ತಲ್ವಾ. ಅವನಿಗೆ ಮಾತ್ರ ಹೇಳಲಿಲ್ಲ. ಅಷ್ಟು ದೂರದಿಂದ ಅವನೇನು ಮಾಡಲು ಸಾಧ್ಯ, ಸುಮ್ನೆ ಗಾಬರಿಯಾಗುತ್ತಾನೆ, ಹೀಗೆ ನಮ್ಮ ಲೆಕ್ಕ. ಆ ವಾರ ಫೋನ್ ಮಾಡಿದಾಗ ಪಪ್ಪ ತೋಟಕ್ಕೆ ಹೋಗಿದ್ದಾರೆ ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಆಶ್ಚರ್ಯ. ಅಷ್ಟರಲ್ಲಿ ನಮ್ಮ ಮನೆಯದೇ ಒಂದು ಹುಡುಗಿ ಆಸ್ಪತ್ರೆಯ ಫೋಟೊ ಸ್ಟೇಟಸ್ಸಿಗೆ ಹಾಕಿದಳು, ಬೇಗ ಗುಣವಾಗಲಿ ಮಾಮ ಅಂತ. ಅವನಿರುವುದು ಡೊಡೊಮಾ ಕಡೆಯ ಹಳ್ಳಿ. ಸುತ್ತಿನ ಸಣ್ಣ ಸಣ್ಣ ಪ್ರಾರ್ಥನಾ ಮಂದಿರಗಳಿಗೆ ಹೋದರೆ ನೆಟ್‌ವರ್ಕ್ ಇರುವುದಿಲ್ಲ. ಹಿಂದಿರುಗಿ ಫೋನ್ ನೋಡುವಾಗ ಮೂರು ದಿನ ಕಳೆದಿತ್ತು.

ಬೈಯಲಿಲ್ಲ. ಒಂದೇ ಮಾತು ಬರೆದ. ಈ ಮೂರು ದಿನವೂ ಪೂಜೆಯಲ್ಲಿ ಕಾಯಿಲೆಯವರ ಹೆಸರು ಓದಿ ಪ್ರಾರ್ಥಿಸಿದೆ ಮಮ್ಮಿ, ಊರಿನವರ ಅಪ್ಪಂದಿರ ಹೆಸರೆಲ್ಲ ಇತ್ತು, ನನ್ನ ಪಪ್ಪನದ್ದು ಇರಲಿಲ್ಲ ಅಂತ.

ಅದನ್ನು ಓದಿದ ಮೇಲೆ ನಾನು ಎರಡು ದಿನ ಅವನಿಗೆ ಫೋನ್ ಮಾಡಲೇ ಇಲ್ಲ. ಮುಖ ಇರಲಿಲ್ಲ.

ಆಮೇಲೆ ಮಾತಿಗೆ ಕೂತಾಗ ಅವನ ಕಡೆಯ ಗುಟ್ಟೂ ಹೊರಬಿತ್ತು. ಅವನಿಗೆ ಎರಡು ಸಲ ಮಲೇರಿಯಾ ಬಂದು ಹೋಗಿತ್ತು. ನಮಗೆ ಹೇಳಿದರೆ ನಾವು ಹೆದರುತ್ತೇವಂತೆ! ಮಂಗಳೂರಿನವರಿಗೆ ಮಲೇರಿಯಾ ಹೊಸತಾ ಮಗಾ ಅಂತ ಇವರು ನಕ್ಕರು. ನಾವು ಅವನಿಂದ ಮುಚ್ಚಿಟ್ಟೆವು, ಅವನು ನಮ್ಮಿಂದ. ಫೋನಿನಲ್ಲಿ ಮಾತ್ರ ಪ್ರತಿ ವಾರ ಹುಷಾರಾ, ಹುಷಾರು. ಊಟ ಆಯ್ತಾ, ಆಯ್ತು. ಅದು ಮಾತಾ? ಅವತ್ತು ಒಂದು ಒಪ್ಪಂದ ಮಾಡಿಕೊಂಡೆವು. ಆಸ್ಪತ್ರೆ, ಸಾವು, ಜಗಳ, ಏನಿದ್ದರೂ ಅದೇ ದಿನ ಹೇಳಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಮೆಸೇಜ್ ಹಾಕಿ ಬಿಡಬೇಕು, ಸಿಕ್ಕಾಗ ನೋಡುತ್ತಾನೆ. ಸ್ಟೇಟಸ್ಸಿಗೆ ಹಾಕುವುದು ಅದರ ನಂತರ.

ಅಂದಿನಿಂದ ನಮ್ಮ ಮಾತೇ ಬೇರೆಯಾಯಿತು. ಬಾವಿಯ ಪಂಪು ಕೆಟ್ಟದ್ದು, ಅಡಿಕೆಗೆ ರೇಟು ಬಂದದ್ದು, ದೊಡ್ಡವನಿಗೂ ಪಕ್ಕದವರಿಗೂ ಬೇಲಿಯ ವಿಷಯದಲ್ಲಿ ಮಾತಾದದ್ದು, ಎಲ್ಲ ಹೇಳುತ್ತೇನೆ. ಬೇಲಿಯ ವಿಷಯಕ್ಕೆ ಅಲ್ಲಿಂದಲೇ ಅಣ್ಣನಿಗೆ ಒಂದು ಗಂಟೆ ಬುದ್ಧಿ ಹೇಳಿದ. ದೇವರ ಕೆಲಸ ಏನೂ ನಿಲ್ಲಲಿಲ್ಲ ಗುರಿಕಾರರೇ.

ಅವನೂ ಈಗ ಬಿಚ್ಚಿ ಹೇಳುತ್ತಾನೆ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ನಮ್ಮ ಮೈಸೂರು ಕಡೆಯ ಮುದ್ದೆಯ ಹಾಗೆ, ಆದರೆ ಬೆಳ್ಳಗೆ. ಮೊದಲ ಆರು ತಿಂಗಳು ಅದು ಗಂಟಲಿನಲ್ಲಿ ಇಳಿಯುತ್ತಿರಲಿಲ್ಲವಂತೆ, ಆಗ ಹೇಳಿರಲೇ ಇಲ್ಲ. ನಾನು ನಮ್ಮ ಮಸಾಲೆಯ ಬಫಾತ್ ಪುಡಿ ಕಳಿಸಿದ ಮೇಲೆ ಇಳಿಯಿತು. ಸ್ವಾಹಿಲಿಯಲ್ಲಿ ಗಾಡಿಗೆ ಗಾರಿ, ಅಂಗಡಿಗೆ ದುಕಾ, ಚಪಾತಿಗೆ ಚಪಾತಿಯೇ. ಅಲ್ಲಿ ಫಾದರನ್ನು ಬಾಬಾ ಅಂತ ಕರೆಯುತ್ತಾರೆ, ಅಂದರೆ ಅಪ್ಪ. ನಾವು ಕೊಂಕಣಿಯಲ್ಲಿ ಸಣ್ಣ ಹುಡುಗನಿಗೆ ಬಾಬಾ ಅನ್ನುತ್ತೇವಲ್ವಾ? ಬಿಳಿಗಡ್ಡದ ಅಜ್ಜ ಒಬ್ಬರು ನಮ್ಮವನನ್ನು ಬಾಬಾ ಎಂದು ಕರೆಯುವುದು ವಿಡಿಯೋದಲ್ಲಿ ಕೇಳಿ ನನಗೆ ಒಂದು ಕ್ಷಣ ಅವನು ಚಡ್ಡಿ ಹಾಕಿದ ಹುಡುಗನೇ ಅನಿಸಿತು.

ನಮ್ಮ ಅತ್ತೆಗೆ ಇನ್ನೊಂದು ತಮಾಷೆ. ಅಲ್ಲಿನ ಮಕ್ಕಳು ಫೋನಿನಲ್ಲಿ ಇಣುಕಿ ಶಿಕಮೂ ಬೀಬಿ ಅಂದವು. ನನ್ನನ್ನು ಯಾಕೆ ಬೀಬಿ ಅನ್ನುತ್ತಾರೆ ಅಂತ ಅತ್ತೆಗೆ ಸಿಟ್ಟು! ಬೀಬಿ ಅಂದರೆ ಅಜ್ಜಿ, ಶಿಕಮೂ ಅಂದರೆ ದೊಡ್ಡವರಿಗೆ ಮಾಡುವ ನಮಸ್ಕಾರ ಎಂದು ಅವನು ಬಿಡಿಸಿ ಹೇಳಿದ. ಅದಕ್ಕೆ ಮರಹಬಾ ಅನ್ನಬೇಕು. ಈಗ ಅತ್ತೆ ನಮ್ಮ ಹಾಲಿನವನಿಗೂ ಮರಹಬಾ ಅನ್ನುತ್ತಾರೆ.

ಹೊತ್ತಿನ ಲೆಕ್ಕ ಒಂದು ನೆನಪಿಡು. ತಾಂಜಾನಿಯಾ ನಮಗಿಂತ ಎರಡೂವರೆ ಗಂಟೆ ಹಿಂದೆ, ನಿನ್ನ ಮಗನ ಘಾನಾ ಐದೂವರೆ ಗಂಟೆ. ನಮಗೆ ಇನ್ನೊಂದು ತಾಪತ್ರಯ ಇತ್ತು. ಅಲ್ಲಿನವರು ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ, ರಾತ್ರಿಯದು ಸೂರ್ಯ ಮುಳುಗಿದ ಮೇಲೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು, ಎಂಟು ಅವರಿಗೆ ಎರಡು. ನಮ್ಮ ಹಿಂದಿನವರು ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದ ಹಾಗೆ. ಅದು ಗೊತ್ತಿಲ್ಲದೆ ಮೊದಲ ವರ್ಷ ಆದದ್ದು ಕೇಳು. ಅವರ ಚರ್ಚಿನ ಹಬ್ಬದ ಪೂಜೆಯನ್ನು ಫೋನಿನಲ್ಲಿ ತೋರಿಸುತ್ತೇನೆ ಎಂದು ಅಲ್ಲಿನ ಉಪದೇಶಿ, ಧರ್ಮಪಾಠ ಹೇಳಿಕೊಡುವವನು, ಸಾ ನ್ನೆ ಅಂತ ಮೆಸೇಜ್ ಹಾಕಿದ. ನಮ್ಮ ಮೊಮ್ಮಗ ಮೊಬೈಲಿನಲ್ಲಿ ಹುಡುಕಿ ಸಾ ಅಂದರೆ ಗಂಟೆ, ನ್ನೆ ಅಂದರೆ ನಾಲ್ಕು ಅಂದ. ಅವರ ಸಂಜೆ ನಾಲ್ಕು, ನಮ್ಮ ಆರೂವರೆ. ನಾದಿನಿಯರು, ಮಕ್ಕಳು, ಎಲ್ಲ ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಇಟ್ಟು ಆರು ಗಂಟೆಗೇ ಟಿವಿ ಎದುರು ಕೂತೆವು. ಫೋನ್ ಎತ್ತಿದ ಮಗ ತೂಕಡಿಸುತ್ತಿದ್ದ. ನಾಲ್ಕು ಅಂದರೆ ಬೆಳಗಿನ ಹತ್ತಂತೆ! ನಮಗೆ ಮಧ್ಯಾಹ್ನ ಹನ್ನೆರಡೂವರೆ. ಮೂರು ಗಂಟೆಯ ಪೂಜೆ, ಹಾಡು, ಕುಣಿತ, ಎಲ್ಲ ಮುಗಿದು ಊಟವೂ ಆಗಿತ್ತು.

ಫೋನನ್ನು ಹತ್ತು ಜನರ ಕೈಗೆ ದಾಟಿಸುವುದು ಬಿಡು ತಂಗಿ. ಬಂದ ನೆಂಟರೆಲ್ಲ ಫಾದರ್ ಹೇಗಿದ್ದೀರಿ ಅಂತ ಕೇಳುವಷ್ಟರಲ್ಲಿ ಅವನ ಡೇಟಾ ಖಾಲಿ. ವಾರಕ್ಕೆ ಒಬ್ಬರು ಜಾಸ್ತಿ ಹೊತ್ತು ಮಾತನಾಡಲಿ. ನಮ್ಮಲ್ಲಿ ಈ ವಾರ ಅತ್ತೆ, ಮುಂದಿನ ವಾರ ಇವರು. ಗಂಡಸರು ಎರಡೇ ಮಾತಿಗೆ ಫೋನ್ ಇಡುತ್ತಾರೆ ಅಂತ ನಾವು ಅಂದುಕೊಂಡಿದ್ದು ತಪ್ಪು. ಬೇರೆ ಯಾರೂ ಕೋಣೆಯಲ್ಲಿ ಇಲ್ಲದಿದ್ದರೆ ಇವರು ಮುಕ್ಕಾಲು ಗಂಟೆ ಮಾತನಾಡುತ್ತಾರೆ.

ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆ ಹುಟ್ಟಿದ ದಿನದ ತೆನೆ ಹಬ್ಬಕ್ಕೆ, ಸೆಪ್ಟೆಂಬರ್ 8ಕ್ಕೆ, ಚರ್ಚಿನಲ್ಲಿ ಕೊಟ್ಟ ತೆನೆಯಲ್ಲಿ ಒಂದು ಪಾಲು ಅವನದು. ಮೊದಲೆಲ್ಲ ಕೊಲ್ಲಿಯಲ್ಲಿದ್ದ ನಮ್ಮ ಭಾವನಿಗೆ ಭತ್ತದ ಕಾಳು ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದೆವು. ಇವನಿಗೆ ಸಿಪ್ಪೆ ತೆಗೆದು, ಹುರಿದು, ಪುಡಿ ಮಾಡಿ ಕಳಿಸುತ್ತೇನೆ. ಕಳೆದ ವರ್ಷ ಅದು ತಲುಪಿದ್ದು ನವೆಂಬರಿನಲ್ಲಿ. ಅವತ್ತೇ ಹಾಲಿಗೆ ಹಾಕಿ ಕುಡಿದು, ಜೊತೆಯ ಇಬ್ಬರು ಫಾದರಿಗೂ ಅಡುಗೆಯವಳಿಗೂ ಕೊಟ್ಟನಂತೆ. ಹೊಸ ಅಕ್ಕಿಯನ್ನು ಮನೆಮಂದಿ ಒಟ್ಟಿಗೆ ತಿನ್ನಬೇಕು ಅಂತ ಅಲ್ವಾ ಲೆಕ್ಕ. ಅಲ್ಲಿಯ ಮನೆಮಂದಿ ಅವರೇ.

ಹಿಂದೆ ಮಿಷನರಿಗಳು ಮನೆಯ ನೆನಪೇ ಇಲ್ಲದೆ ಕೆಲಸ ಮಾಡಲಿಲ್ಲವೇ ಎಂದು ಗ್ರೂಪಿನಲ್ಲಿ ಯಾರೋ ಬರೆದಿದ್ದೀರಿ. 1878ರ ಕೊನೆಗೆ ಜರ್ಮನಿಯ ಮುಲ್ಲರ್ ಪಾದ್ರಿ ಮಂಗಳೂರಿಗೆ ಬಂದರು, 1910ರಲ್ಲಿ ಇಲ್ಲೇ ತೀರಿಕೊಂಡರು. ಇಲ್ಲಿಯ ಅಲೋಶಿಯಸ್ ಕಾಲೇಜಿನ ಚಾಪೆಲಿನ ಗೋಡೆ, ಮಾಡಿನಲ್ಲೆಲ್ಲ ಚಿತ್ರ ಬರೆದ ಇಟಲಿಯ ಮೊಸ್ಕೆನಿ ಕೊಚ್ಚಿಯಲ್ಲಿ ಸತ್ತರು, 1905ರಲ್ಲಿ. ಅವರ ಮನೆಯವರಿಗೆ ಇದ್ದದ್ದು ಹಡಗಿನ ಕಾಗದ ಮಾತ್ರ. ನೆನಪಿರಲಿಲ್ಲ ಅಂತ ಹೇಗೆ ಹೇಳುತ್ತೀರಿ? ಆ ಚಾಪೆಲಿಗೆ ಹೋದಾಗಲೆಲ್ಲ ನಾನು ಚಿತ್ರ ನೋಡುವುದು ಅರ್ಧ, ಆ ಮೊಸ್ಕೆನಿಯನ್ನು ಕಳಿಸಿದ ಅಮ್ಮ ಆಮೇಲೆ ಏನು ಮಾಡಿದಳು ಅಂತ ಯೋಚಿಸುವುದು ಅರ್ಧ.

ಸರಿ, ಸಾಕು. ಭಾನುವಾರ ರಾತ್ರಿ ಒಂಬತ್ತೂವರೆಗೆ ಅವನ ಫೋನ್ ಬರುತ್ತದೆ. ನಿನ್ನ ಮಗನನ್ನು ಕರೆದುಕೊಂಡು ಬಾ, ಬಟ್ಟೆ, ಔಷಧಿ, ಸೊಳ್ಳೆ ಪರದೆ ಎಲ್ಲ ಅವನನ್ನೇ ಕೇಳಲಿ. ಅಲ್ಲಿ ಆಗ ಸಂಜೆ ಏಳು, ಅವರ ಲೆಕ್ಕದಲ್ಲಿ ಅದು ರಾತ್ರಿ ಒಂದು ಗಂಟೆ, ನೋಡಿ ಹೆದರಬೇಡ. ಮರದಲ್ಲಿ ಜೀಗುಜ್ಜೆ ಇದ್ದರೆ ಬರುವಾಗ ಎರಡು ತಾ.