ಎಲ್ಲ ತಂತಿಯೂ ಕಪ್ಪಾಗಿದ್ದರೆ ಹಸಿರು ತಂತಿಯನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಲ್ಯಾಬ್ ಸಹಾಯಕಿ, ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಯಂತ್ರವೊಂದು ಶುರುವಾಗದಿದ್ದಾಗ ಕೆಟ್ಟಿರುವುದು ಯಂತ್ರಕ್ಕೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ಸೋ ಮದರ್‌ಬೋರ್ಡೋ ಎಂದು ತಿಳಿಯಲು, 24 ಪಿನ್ನಿನ ಕನೆಕ್ಟರನ್ನು ಬಿಚ್ಚಿ, ಎಸ್‌ಎಂಪಿಎಸ್ಸನ್ನು ಶುರುಮಾಡುವ ಹಸಿರು ತಂತಿಯ ಪಿನ್ನನ್ನೂ ಪಕ್ಕದ ಕಪ್ಪು ತಂತಿಯ ಪಿನ್ನನ್ನೂ ಪೇಪರ್ ಕ್ಲಿಪ್ಪಿನಿಂದ ಜೋಡಿಸಿ, ಫ್ಯಾನ್ ತಿರುಗುತ್ತದೆಯೇ ಎಂದು ನೋಡುವುದು ನನ್ನ ರೂಢಿ. ಈಗ ಬಂದಿರುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪು. ಕಳೆದ ತಿಂಗಳು ಒಂದರಲ್ಲಿ ಹಸಿರು ತಂತಿಯ ಜಾಗವಾದ ನಾಲ್ಕನೆಯ ಪಿನ್ನನ್ನು ತಪ್ಪು ತುದಿಯಿಂದ ಎಣಿಸಿದೆ. ಫ್ಯಾನ್ ತಿರುಗಲಿಲ್ಲ. ಕೆಟ್ಟಿದೆಯೆಂದು ಬರೆದಿಟ್ಟು ಹೊಸದನ್ನು ತರಿಸಿದೆ; ಹೊಸದೂ ಹಾಗೆಯೇ ಸುಮ್ಮನಿದ್ದಾಗಲೇ ತಪ್ಪು ನನ್ನ ಎಣಿಕೆಯದೆಂದು ಅರಿವಾಯಿತು. ಕೆಟ್ಟಿದ್ದದ್ದು ಮದರ್‌ಬೋರ್ಡ್.

ಬಣ್ಣವಿಲ್ಲದೆ ಆ ಪಿನ್ನನ್ನು ಖಚಿತವಾಗಿ ಗುರುತಿಸುವ ದಾರಿ ಇದೆಯೇ? ಇಷ್ಟು ಉಪಯುಕ್ತವಾದ ಬಣ್ಣಗಳನ್ನು ತೆಗೆದುಹಾಕಿದ್ದೇಕೆ?

ಉತ್ತರ: ರಿಪೇರಿ ಅಂಗಡಿ, ಎಸ್.ಪಿ. ರಸ್ತೆ, ಬೆಂಗಳೂರು

ಮೇಡಂ, ದಾರಿ ಇದೆ. ಕನೆಕ್ಟರಿನ ಕೊಕ್ಕೆ ಇರುವ ಬದಿಯ ಸಾಲನ್ನು ನೋಡಿ. ಆ ಹನ್ನೆರಡು ಕುಳಿಗಳಲ್ಲಿ ಒಂದು ಖಾಲಿ ಇರುತ್ತದೆ. ಹಿಂದೆ ಮೈನಸ್ 5 ವೋಲ್ಟ್ ಬರುತ್ತಿದ್ದ 20ನೆಯ ಪಿನ್ನಿನ ಜಾಗ ಅದು. ಆ ಖಾಲಿ ಕುಳಿಗೆ ಯಾವ ತುದಿ ದೂರವೋ ಅಲ್ಲಿಂದ ಎಣಿಸುತ್ತ ಬಂದರೆ ನಾಲ್ಕನೆಯದೇ ನಿಮ್ಮ ಹಸಿರು ತಂತಿ, ಅಂದರೆ 16ನೆಯ ಪಿನ್ (ಇನ್ನೊಂದು ಸಾಲಿನವು 1ರಿಂದ 12). ಅದರ ಎರಡೂ ಪಕ್ಕದಲ್ಲಿರುವುದು ಗ್ರೌಂಡ್, ಅಂದರೆ ನಿಮ್ಮ ಹಳೆಯ ಕಪ್ಪು ತಂತಿ. ಕನೆಕ್ಟರಿನಿಂದ ನಾಲ್ಕು ಪಿನ್ನಿನ ತುಂಡು ಬೇರೆಯಾಗುವಂತಿದ್ದರೆ ಇನ್ನೂ ಸುಲಭ: ಆ ತುಂಡು ಇಲ್ಲದ ತುದಿಯಿಂದ ಎಣಿಸಿ. ನೀವು ತಪ್ಪು ತುದಿಯಿಂದ ಎಣಿಸಿದಾಗ ಸಿಕ್ಕಿದ್ದು 5 ವೋಲ್ಟಿನ 21ನೆಯ ಪಿನ್. ಎಸ್‌ಎಂಪಿಎಸ್ ಆರಿದ್ದಾಗ ಅದರಲ್ಲಿ ಏನೂ ಇರುವುದಿಲ್ಲವಾದ್ದರಿಂದ ಅನಾಹುತವಾಗಲಿಲ್ಲ.

ಇದು ಹೇಳಿಕೊಟ್ಟರೆ ಬರುವ ವಿದ್ಯೆ. ಬಣ್ಣವಿದ್ದಾಗ ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ನೇರಳೆ ಸ್ಟ್ಯಾಂಡ್‌ಬೈ ಎಂಬಷ್ಟನ್ನು ತಿಳಿದುಕೊಂಡ ಹುಡುಗ ಒಂದೇ ವಾರದಲ್ಲಿ ಮಲ್ಟಿಮೀಟರ್ ಹಿಡಿದು ಕೂರುತ್ತಿದ್ದ. ನನಗೆ ನಿಜವಾಗಿ ಭಯವಿರುವುದು 8 ಪಿನ್ನಿನ ಕೇಬಲ್‌ಗಳ ಬಗ್ಗೆ. ಪ್ರೊಸೆಸರಿನ ಕೇಬಲಿನಲ್ಲಿ ಕೊಕ್ಕೆಯ ಬದಿಗೆ 12 ವೋಲ್ಟ್ ಇದ್ದರೆ, ಗ್ರಾಫಿಕ್ಸ್ ಕಾರ್ಡಿನದರಲ್ಲಿ ಅದೇ ಬದಿಗೆ ಗ್ರೌಂಡ್ ಇರುತ್ತದೆ. ಕುಳಿಗಳ ಆಕಾರ ಬೇರೆಯಾಗಿರುವುದು ನಿಜ, ಆದರೆ ಬಲ ಹಾಕಿ ತುರುಕುವ ಕೈಯನ್ನು ನಾನು ಕಂಡಿದ್ದೇನೆ. ಹಳದಿ ಯಾವ ಬದಿಗಿದೆ ಎಂದು ಕಣ್ಣಿಗೆ ಬಿದ್ದಿದ್ದರೆ ಆ ಕೈ ತಡೆಯುತ್ತಿತ್ತು.

ಉತ್ತರ: ಕ್ಯಾಬಿನೆಟ್ ಜೋಡಿಸುವವನು, ಮೈಸೂರು

ಕಪ್ಪು ತಂತಿ ಕೇಳುವವರಲ್ಲಿ ನಾನೂ ಒಬ್ಬ, ಕಾರಣವನ್ನು ಹೇಳುತ್ತೇನೆ. ಕ್ಯಾಬಿನೆಟ್ಟಿನ ಬದಿಗೆ ಗಾಜು ಬಂದ ಮೇಲೆ ಒಳಗಿನ ತಂತಿಗಳು ಮನೆಯವರ ಕಣ್ಣಿಗೆ ಬೀಳತೊಡಗಿದವು. ಹಳದಿ, ಕೆಂಪು, ಕಿತ್ತಳೆ ತಂತಿಗಳ ಗೊಂಚಲು ಗಾಜಿನ ಹಿಂದೆ ಅಂದವಾಗಿ ಕಾಣುವುದಿಲ್ಲ. ಕಪ್ಪು ಕೇಬಲ್ ಕಪ್ಪು ಗೋಡೆಯೊಡನೆ ಬೆರೆತುಹೋಗುತ್ತದೆ. ತಾವೇ ಹಣ ಕೊಟ್ಟು ಜೋಡಿಸಿಕೊಂಡ ಯಂತ್ರ ಸುಂದರವಾಗಿರಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲ.

ಆದರೆ ಕೇಬಲ್‌ಗಳನ್ನು ಬಿಚ್ಚಿ ತೆಗೆಯಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ವಿಷಯದಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಒಂದು ಕಂಪನಿಯ ಕೇಬಲ್ ಇನ್ನೊಂದರ ಎಸ್‌ಎಂಪಿಎಸ್‌ಗೆ ಸರಿಯಾಗಿ ಕೂರುತ್ತದೆ, ಒಳಗಿನ ಪಿನ್ನುಗಳ ಕ್ರಮ ಮಾತ್ರ ಬೇರೆ. ಡಬ್ಬಿಯಲ್ಲಿ ಬೆರೆತಿದ್ದ ಹಾರ್ಡ್‌ಡಿಸ್ಕಿಗೆ ವಿದ್ಯುತ್ ಕೊಡುವ ಎರಡು ಕಪ್ಪು ಸಾಟಾ ಕೇಬಲ್‌ಗಳಲ್ಲಿ ತಪ್ಪಾದದ್ದನ್ನು ಹಾಕಿ ಎರಡು ಹಾರ್ಡ್‌ಡಿಸ್ಕ್ ಸುಟ್ಟುಕೊಂಡೆ. ಅವುಗಳಲ್ಲಿ ಅಕ್ಕನ ಮದುವೆಯ ಫೋಟೋಗಳಿದ್ದವು. ಗ್ರಾಫಿಕ್ಸ್ ಕಾರ್ಡಿನ ಹೊಸ 16 ಪಿನ್ನಿನ ಕನೆಕ್ಟರಿಗೆ ಎಂಎಸ್‌ಐ ಕಂಪನಿ ಹಳದಿ ತುದಿ ಕೊಟ್ಟಿದೆ. ಪೂರ್ತಿ ಒಳಗೆ ಹೋದರೆ ಹಳದಿ ಕಾಣುವುದಿಲ್ಲ, ಕಾಣುತ್ತಿದ್ದರೆ ಇನ್ನೂ ಒತ್ತಬೇಕು. ಅಂದವನ್ನೂ ಕೆಡಿಸದ ಇಂಥ ಬಣ್ಣ ಉಳಿದ ಕನೆಕ್ಟರುಗಳಿಗೂ ಬೇಕು.

ಉತ್ತರ: ಶಿಕ್ಷಕ, ಹುಬ್ಬಳ್ಳಿ

ನನಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಆದ್ದರಿಂದ ಈ ಚರ್ಚೆಯಲ್ಲಿ ಒಂದು ಮಾತು ಸೇರಿಸಬೇಕೆನಿಸಿತು. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಪಿಸಿ 99 ಮಾರ್ಗಸೂಚಿಯಿಂದ ಕಂಪ್ಯೂಟರಿನ ಹಿಂಬದಿಯ ಕನೆಕ್ಟರುಗಳಲ್ಲಿ ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು, ಮೈಕಿಗೆ ಗುಲಾಬಿ, ಸ್ಪೀಕರಿಗೆ ತಿಳಿಹಸಿರು ಬಂದವು. ನನ್ನ ಸಹೋದ್ಯೋಗಿಗಳಿಗೆ ಅದು ವರವಾಯಿತು. ನನಗೆ ಆಸರೆಯಾದದ್ದು ಪಕ್ಕದಲ್ಲಿ ಅಚ್ಚಾಗಿದ್ದ ಚಿಕ್ಕ ಚಿತ್ರ. ಈಗ ಕೆಲವು ಬೋರ್ಡುಗಳಲ್ಲಿ ಆಡಿಯೋ ಜ್ಯಾಕುಗಳೂ ಕಪ್ಪು, ಗುರುತೂ ಕಪ್ಪಿನ ಮೇಲೆ ಕೊರೆದದ್ದು. ಮೇಜಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದರೂ ಅದು ಓದಲು ಬರುವುದಿಲ್ಲ. ಬಣ್ಣ ಮರಳಲಿ, ಆದರೆ ಅದರ ಜೊತೆಗೆ ಬಿಳಿ ಅಕ್ಷರವೂ ಇರಲಿ ಎಂಬುದು ನನ್ನ ಕೋರಿಕೆ.

ಪ್ರಶ್ನೆ ಕೇಳಿದವರು: ಲ್ಯಾಬ್ ಸಹಾಯಕಿ, ಸಾಗರ

ಎಲ್ಲರಿಗೂ ಧನ್ಯವಾದಗಳು. ಖಾಲಿ ಕುಳಿಯ ಗುರುತು ಹಿಡಿದು ಎಣಿಸಿದೆ, ಫ್ಯಾನ್ ತಿರುಗಿತು. ಇಂದು ಮಧ್ಯಾಹ್ನ ಅಂಗಡಿಯಿಂದ ಹಸಿರು ಮತ್ತು ಹಳದಿ ಇನ್ಸುಲೇಷನ್ ಟೇಪ್ ತಂದು, ಪ್ರತಿ ಎಸ್‌ಎಂಪಿಎಸ್ಸಿನ 16ನೆಯ ತಂತಿಗೆ ಕನೆಕ್ಟರಿನ ಬುಡದಲ್ಲಿ ಹಸಿರು ಟೇಪನ್ನೂ, ಪ್ರೊಸೆಸರಿನ ಕೇಬಲಿಗೆ ಹಳದಿಯನ್ನೂ ಒಂದೊಂದು ಸುತ್ತು ಸುತ್ತಿದ್ದೇನೆ. ಶಿಕ್ಷಕರು ಹೇಳಿದಂತೆ ಹಸಿರು ಟೇಪಿನ ಮೇಲೆ 16 ಎಂದೂ ಬರೆದಿದ್ದೇನೆ.